ಟೀಪಾಯಿಯ ಕೆಳಗಣ ಚರಿತ್ರೆ

ಸುಮಾರು 30 ವರ್ಷಗಳ ಹಿಂದೆ, ಯಲಹಂಕದ ಹಳೆಯ ಊರಿನ ಓಣಿಯೊಂದರಲ್ಲಿ, ತಗಡಿನ ಮಾಡಿನ ಕೆಳಗೆ ಕುಳಿತು ನೇಗಿಲಿನಿಂದ ಮೊದಲ್ಗೊಂಡು ದೇವರ ಮಂಟಪದವರೆಗೆ ಮರದ್ದೆಂಬುದೆಲ್ಲವನ್ನೂ ದುರಸ್ತು ಮಾಡಿಕೊಡುತ್ತಿದ್ದ ವೃದ್ಧ ಆಚಾರಿಯೊಬ್ಬರ ಮುಂದೆ ನಾನು ನಮ್ಮ ಮನೆಯ ಟೀಪಾಯಿಯನ್ನು ಇಳಿಸಿದಾಗ, ಅವರು ಅದರ ದುಂಡು ಹಲಗೆಯನ್ನಾಗಲಿ, ಹಲಗೆಯ ಅಂಚಿಗೆ ಹಬ್ಬಿದ್ದ ಬಳ್ಳಿಯ ಕೆತ್ತನೆಯನ್ನಾಗಲಿ, ಮೂರು ತಲೆಮಾರುಗಳ ಕೈಸೋಕಿ ಕಪ್ಪಾಗಿ ಮಿನುಗುತ್ತಿದ್ದ ಬೀಟೆಯ ಬಣ್ಣವನ್ನಾಗಲಿ ಕಣ್ಣೆತ್ತಿ ಸಹ ನೋಡದೆ, ಅದನ್ನು ತಲೆಕೆಳಗು ಮಾಡಿ ಗೋಣಿತಾಟಿನ ಮೇಲೆ ಮಡಗಿ, ಮೂರು ಕಾಲುಗಳು ನಡುಗಂಬವನ್ನು ಕೂಡುವ ಎಡೆಯನ್ನು ಹೆಬ್ಬೆರಳಿನಿಂದ ತಡವಿ, "ಇದಕ್ಕೆ ಮೊಳೆ ಹೊಡೆದೋರು ಯಾರು ಸ್ವಾಮಿ?" ಎಂದು ಕೇಳಿದರು.

ಹೊಡೆದವನು ಪೇಟೆಯ ಒಬ್ಬ ಕೆಲಸಗಾರ, ಹೊಡೆಸಿದವನು ನಾನು. ಕಾಲೊಂದು ಸ್ವಲ್ಪ ಅಲುಗತೊಡಗಿದೊಡನೆ ನನಗೆ ತೋರಿದ ಪರಿಹಾರ ನಾಲ್ಕು ಮೊಳೆಗಳಾಗಿದ್ದುವು, ಮತ್ತು ಆ ನಾಲ್ಕು ಮೊಳೆಗಳು ಆರು ತಿಂಗಳೊಳಗೆ, ತಾವು ಹಿಡಿದಿರಬೇಕಾಗಿದ್ದ ಕಾಲಿನೊಡನೆ ಕಂಬದ ಬುಡದ ಒಂದು ಸಿಗಿಲನ್ನೂ ಕಿತ್ತುಕೊಂಡು ಹೊರಬಂದಿದ್ದುವು. ಮೇಜನ್ನು ಮೇಲಿನಿಂದ ನೋಡಿ ಬೆಲೆ ಕಟ್ಟುವವರು ನಾವು. ಬಡಗಿಯಾದವನು ಅದನ್ನು ಕೆಳಗಿನಿಂದ ಓದುತ್ತಾನೆ ಎಂಬ ಸಂಗತಿ ನನ್ನ ಮನಸ್ಸಿಗೆ ಹೊಳೆದುದು ಅಂದು. ಆ ಓದಿನ ಅಕ್ಷರಾಭ್ಯಾಸವನ್ನು ನನಗೆ ಮಾಡಿಸಿದವರು ಆ ಆಚಾರಿಗಳೇ.

ಮೊದಲು ಹೆಸರಿನ ವಿಚಾರ. ನಮ್ಮಲ್ಲಿ ಟೀಪಾಯಿ ಎಂದರೆ ಟೀ ಇಡುವ ಮೇಜು ಎಂದು ತಿಳಿಯದವರಿಲ್ಲ. ಹಾಗೆ ತಿಳಿದವರೆಲ್ಲರೂ ತಪ್ಪು ತಿಳಿದವರೇ. ಹಿಂದೂಸ್ತಾನಿಯಲ್ಲಿ ಮೂರನ್ನು ಸೂಚಿಸುವ 'ತೀನ್' ಶಬ್ದವೂ ಕಾಲನ್ನು ಸೂಚಿಸುವ ಪಾರಸಿಕ ಶಬ್ದವೂ ಕೂಡಿ 'ತಿಪಾಯಿ' ಆಯಿತು. ನಾಲ್ಕು ಕಾಲಿನ ಮಂಚವು 'ಚಾರ್‌ಪಾಯಿ' ಆದಂತೆ ಇದು ಮೂರು ಕಾಲಿನ ಪೀಠ. ಇಂಡಿಯಾಕ್ಕೆ ಬಂದ ಇಂಗ್ಲಿಷರು ಆ ಶಬ್ದವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು 'ಟೀಪಾಯ್' ಎಂದರು, ಮತ್ತು ಅದರ ಮೊದಲ ಅಕ್ಷರದಲ್ಲಿ ತಮ್ಮ ಪ್ರಿಯ ಪಾನೀಯದ ಹೆಸರು ಕೇಳಿಸಿದುದರಿಂದ ಅರ್ಥವನ್ನೂ ಅತ್ತ ಬಾಗಿಸಿಕೊಂಡರು. 19ನೆಯ ಶತಮಾನದ ಆದಿಭಾಗದಲ್ಲಿ ಅವರ ದೇಶದ ಬಡಗಿಗಳು ಒಂಟಿಗಂಬದ ಮೇಲೆ ಚಹದ ಎಲೆ ತುಂಬುವ ಪೆಟ್ಟಿಗೆಯನ್ನೇ ಕೂರಿಸಿ, ಅದಕ್ಕೂ ಈ ಹೆಸರನ್ನೇ ಕೊಟ್ಟುಬಿಟ್ಟರು. 1886ರಲ್ಲಿ ಪ್ರಕಟವಾದ 'ಹಾಬ್‌ಸನ್-ಜಾಬ್‌ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶವು ಈ ಭ್ರಾಂತಿಯನ್ನು ತಿದ್ದಲು ಯತ್ನಿಸಿತಾದರೂ, ಅಷ್ಟು ಹೊತ್ತಿಗೆ ಶಬ್ದವು ಸಮುದ್ರ ದಾಟಿ, ವೇಷ ಬದಲಾಯಿಸಿ, ನಮ್ಮ ಹಜಾರಗಳಿಗೆ ಹಿಂದಿರುಗುತ್ತಿದ್ದಿತು. ಈಗ ನಾವು ನಾಲ್ಕು ಕಾಲಿನ ಗಾಜಿನ ಮೇಜನ್ನೂ ಟೀಪಾಯಿ ಎಂದೇ ಕರೆಯುವೆವು. ಅದರ ಮೇಲೆ ಇಡುವುದು ಕಾಫಿಯ ಲೋಟವನ್ನು. ಮೂರು ಕಾಲೂ ಇಲ್ಲ, ಟೀಯೂ ಇಲ್ಲ. ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ.

ಟೀಪಾಯಿ ಬರುವುದಕ್ಕೆ ಮುಂಚೆ ಕನ್ನಡಿಗರ ಮನೆಯಲ್ಲಿ ಮೂರು ಕಾಲಿನ ಪೀಠವೇ ಇರಲಿಲ್ಲವೆಂದು ಯಾರೂ ಭಾವಿಸಬಾರದು. ನೆಲದ ಮೇಲೆ ಕುಳಿತು ಉಣ್ಣುವ, ನೆಲದ ಮೇಲೆ ಕುಳಿತು ಬರೆಯುವ ಜನಕ್ಕೆ ಎತ್ತರದ ಮೇಜು ಬೇಕಾಗಿರಲಿಲ್ಲ; ಬೇಕಾಗಿದ್ದುದು ಮಣೆ, ಕಾಲುಮಣೆ, ಗ್ರಂಥವನ್ನಿಡುವ ವ್ಯಾಸಪೀಠ, ಮತ್ತು ತಳಿಗೆಯನ್ನಿಡುವ ಅಡ್ಡಣಿಗೆ. ಈ ಅಡ್ಡಣಿಗೆಯೆಂಬುದು ಊಟದ ತಟ್ಟೆಯನ್ನು ನೆಲದಿಂದ ಒಂದಿಷ್ಟು ಮೇಲಕ್ಕೆ ಹಿಡಿದಿರುವ ಮುಕ್ಕಾಲಿನ ಪೀಠ; ಉತ್ತರ ಕರ್ನಾಟಕದ ಮಠಗಳಲ್ಲಿ ಇಂದಿಗೂ ಪ್ರಸಾದದ ವೇಳೆಯಲ್ಲಿ ಅದನ್ನು ಕಾಣಬಹುದು. ಮೂರೇ ಕಾಲು ಏಕೆಂದರೆ, ಸಗಣಿ ಸಾರಿಸಿದ ನೆಲ ಎಷ್ಟೇ ನಯವಾಗಿದ್ದರೂ ಸಮತಲವಲ್ಲ. ನಾಲ್ಕು ಕಾಲಿನ ಪೀಠವನ್ನಿಟ್ಟರೆ ಒಂದು ಕಾಲು ಗಾಳಿಯಲ್ಲಿ ನಿಂತು ತಟ್ಟೆಯಲ್ಲಿನ ಸಾರು ತುಳುಕುವುದು. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳು ಒಂದು ತಲವನ್ನು ನಿರ್ಣಯಿಸುವುವು ಎಂಬ ರೇಖಾಗಣಿತದ ಸಿದ್ಧಾಂತವನ್ನು ನಮ್ಮ ಅಡುಗೆಮನೆಗಳು ಒಲೆಯ ಮೂರು ಗುಂಡುಗಳಿಂದಲೇ ಕಲಿತಿದ್ದುವು.

ಕಾಲುಗಳನ್ನು ಕೂಡಿಸುವ ವಿದ್ಯೆಯೂ ಹೊರಗಿನಿಂದ ಬಂದುದಲ್ಲ. ಪಾಂಚಾಳರೆನ್ನಿಸಿಕೊಂಡ ಐದು ಕಸುಬಿನವರಲ್ಲಿ ಮರದ ಕೆಲಸವು ಮಯನ ಪಾಲಿಗೆ ಬಂದುದೆಂದು ಸಂಪ್ರದಾಯ. ಆ ಮಯನ ಹೆಸರನ್ನೇ ಹೊತ್ತ 'ಮಯಮತ'ವೆಂಬ ದಕ್ಷಿಣದೇಶದ ಶಿಲ್ಪಗ್ರಂಥದಲ್ಲಿ ಸಂಧಿಕರ್ಮಕ್ಕಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ವ್ಯಾಕರಣದ ಸಂಧಿಗಳನ್ನು ಬಾಯಿಪಾಠ ಮಾಡಿದ ನಮಗೆ ಮರದ ಸಂಧಿಗಳ ಹೆಸರು ಅಪರಿಚಿತವಾಗಿರುವುದು ವಿಷಾದದ ಸಂಗತಿ, ಏಕೆಂದರೆ ಆ ಹೆಸರುಗಳು ಬಹಳ ಸೊಗಸಾಗಿವೆ: ಕಂಬಗಳನ್ನು ಕೂಡಿಸುವ ಬಗೆಗಳು ಮೇಷಯುದ್ಧ, ತ್ರಿಖಂಡ, ಸೌಭದ್ರ, ಅರ್ಧಪಾಣಿ, ಮಹಾವೃತ್ತ, ತೊಲೆಗಳನ್ನು ಕೂಡಿಸುವವುಗಳಲ್ಲಿ ಮೀನಿನ ಹಲ್ಲನ್ನು ಹೋಲುವ ಝಷದಂತ, ಹಂದಿಯ ಮೂತಿಯನ್ನು ಹೋಲುವ ಸೂಕರಘ್ರಾಣ. ಟಗರುಗಳೆರಡು ಹಣೆಗೆ ಹಣೆ ಕೊಟ್ಟು ನಿಂತ ಚಿತ್ರವನ್ನು ಕಣ್ಣಮುಂದೆ ತಂದುಕೊಂಡರೆ, ಮೇಷಯುದ್ಧದಲ್ಲಿ ಒಂದು ಮರ ಇನ್ನೊಂದನ್ನು ಹೇಗೆ ಎದುರಿಸಿ ಹಿಡಿದಿರುವುದೆಂಬುದನ್ನು ವಿವರಿಸಬೇಕಾಗಿಯೇ ಇಲ್ಲ. ನಮ್ಮವರು ಮೀನಿನ ಹಲ್ಲನ್ನು ಕಂಡಂತೆ ಇಂಗ್ಲಿಷರು ತಮ್ಮ ಸಂಧಿಯೊಂದರಲ್ಲಿ ಪಾರಿವಾಳದ ಬಾಲವನ್ನು ಕಂಡರು. ಡವ್‌ಟೇಲ್ ಎಂಬುದು ಅವರ ಹೆಸರು. ನಮ್ಮ ಟೀಪಾಯಿಯ ಕಾಲನ್ನು ಕಂಬಕ್ಕೆ ಹಿಡಿದಿಟ್ಟಿದ್ದುದು ಈ ಪಾರಿವಾಳದ ಬಾಲ.

ಉತ್ತರ ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಕಲ್ಲು ಮಾತನಾಡುತ್ತದೆ, ಮರ ಮೌನವಾಗಿದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಎಂದರೆ ಸುಮಾರು 750ರದ್ದು. ಯಲಹಂಕವನ್ನು ಚೋಳರ ಕಾಲದ ಶಾಸನಗಳು ಇಲೈಪಾಕ್ಕ ನಾಡೆಂದು ಹೆಸರಿಸುತ್ತವೆ. 1537ರಲ್ಲಿ ಬೆಂಗಳೂರಿನ ಕೋಟೆ-ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡನು ಹೊರಟುದು ಈ ಯಲಹಂಕದ ನಾಡಪ್ರಭುಗಳ ಮನೆತನದಿಂದ. ಆದರೆ ಆ ಪ್ರಭುಗಳು ಕುಳಿತ ಮಣೆ, ಅವರ ಲೆಕ್ಕಿಗರು ಕಡತವನ್ನಿಟ್ಟ ಪೀಠ, ಅವರ ಮನೆಯ ಬಾಗಿಲ ಚೌಕಟ್ಟು, ಇವೆಲ್ಲವೂ ಗೆದ್ದಲಿಗೂ ಒಲೆಗೂ ಸಂದುಹೋದುವು. ಬಡಗಿಯ ಚರಿತ್ರೆಯನ್ನು ಬರೆಯಹೊರಟವನಿಗೆ ಶಾಸನದ ಆಧಾರ ಸಿಕ್ಕುವುದಿಲ್ಲ. ಅವನು ಅಳಿದುಳಿದ ಮೇಜು ಮಂಚಗಳನ್ನು ಮಗುಚಿ ನೋಡಬೇಕು.

ಮಗುಚಿ ನೋಡಲು ಸಿಕ್ಕುವವುಗಳ ಚರಿತ್ರೆ ದಂಡಿನಿಂದ ಆರಂಭವಾಗುವುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಕಂಪನಿಯ ಸೈನ್ಯವು ಜ್ವರದ ಕಾಟಕ್ಕೆ ಬೇಸತ್ತು 1809ರಲ್ಲಿ ಬೆಂಗಳೂರಿಗೆ ಬಂದು ನೆಲಸಿತು. ಅಧಿಕಾರಿಗಳ ಬಂಗಲೆಗಳಿಗೆ ಮೇಜು ಕುರ್ಚಿಗಳು ಬೇಕಾದುವು. ಹಡಗಿನಲ್ಲಿ ತರಿಸಿದುವು ಸಾಲದೆ ಹೋದಾಗ, ತಂದುದರಲ್ಲಿ ಒಂದನ್ನು ಮುಂದಿಟ್ಟು ಅದರಂತೆಯೇ ಮಾಡಿಕೊಡೆಂದು ಇಲ್ಲಿನ ಬಡಗಿಗೆ ಹೇಳುವ ಪದ್ಧತಿ ಇಂಡಿಯಾದ ದಂಡುಪ್ರದೇಶಗಳಲ್ಲೆಲ್ಲಾ ಬೆಳೆಯಿತು. ಅಲ್ಲಿ ಮಹಾಗನಿ, ಇಲ್ಲಿ ಬೀಟೆ ಅಥವಾ ತೇಗ. ಮಿಕ್ಕಂತೆ ಆಕಾರ ಅದೇ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಹ ಕುಡಿಯುವ ಬೆಡಗಿನೊಡನೆ ಪ್ರಚಾರಕ್ಕೆ ಬಂದ ಮೂರು ಬಾಗುಗಾಲಿನ ಒಂಟಿಗಂಬದ ಮೇಜು, ಅದನ್ನು 'ತಿಪಾಯಿ' ಎಂದು ಹೆಸರಿಟ್ಟು ಕರೆಯಬಲ್ಲ ಜನರ ನಡುವೆ ಬಂದು ನಿಂತುದು ಹೀಗೆ. ದೊರೆಗೆ ವರ್ಗವಾದೊಡನೆ ಮನೆಯ ಸಾಮಾನೆಲ್ಲವೂ ಹರಾಜಿಗೆ ಬರುತ್ತಿದ್ದಿತು. ವಕೀಲರು, ಗುಮಾಸ್ತರು, ಕಂಟ್ರಾಕ್ಟರುಗಳು ಅದನ್ನು ಕೂಗಿ ಕೊಳ್ಳುತ್ತಿದ್ದರು. ನಮ್ಮ ಮನೆಯ ಟೀಪಾಯಿಯೂ ಅಂಥದೊಂದು ಹರಾಜಿನಿಂದ ಬಂದುದೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಬಂದ ವರ್ಷವನ್ನು ಅವರು ಪ್ಲೇಗಿನ ಹಿಂದುಮುಂದಿನಿಂದ ಎಣಿಸುತ್ತಿದ್ದುದರಿಂದ ನಾನು ಅದನ್ನು ಇಲ್ಲಿ ಅಂಕಿಯಲ್ಲಿ ಬರೆಯುವ ಸಾಹಸ ಮಾಡುವುದಿಲ್ಲ.

ಈಗ ಸಂಧಿಯ ಮರ್ಮ. ನಾಲ್ಕು ಕಾಲಿನ ಮೇಜಿನಲ್ಲಿ ಭಾರವು ನೇರವಾಗಿ ಕಾಲಿನ ಮೂಲಕ ನೆಲಕ್ಕಿಳಿಯುವುದು. ಅಲ್ಲಿ ಸಂಧಿಗೆ ಹೆಚ್ಚಿನ ಕೆಲಸವಿಲ್ಲ. ಒಂಟಿಗಂಬದ ಮೇಜಿನಲ್ಲಾದರೋ ಹಲಗೆಯ ಮೇಲಿನ ಭಾರವೆಲ್ಲ ಕಂಬದಲ್ಲಿ ಕೂಡಿ ಕೆಳಗಿಳಿದು, ಬುಡಕ್ಕೆ ಬಂದಾಗ ಹಠಾತ್ತಾಗಿ ಮೂರು ಕವಲಾಗಿ ಪಕ್ಕಕ್ಕೆ ತಿರುಗಬೇಕು. ನೆಲವು ಪಾದವನ್ನು ಮೇಲಕ್ಕೆ ಒತ್ತುವುದು, ಕಂಬವು ಸಂಧಿಯನ್ನು ಕೆಳಕ್ಕೆ ಒತ್ತುವುದು. ಇವೆರಡರ ನಡುವೆ ಸಿಕ್ಕಿಕೊಂಡ ಕಾಲು ಮೇಲುಗಡೆ ಕಂಬಕ್ಕೆ ಅಂಟಿ ಒತ್ತಿಕೊಳ್ಳುತ್ತ, ಕೆಳಗಡೆ ಕಂಬವನ್ನು ಬಿಟ್ಟು ಹೊರಗೋಡಲು ಹವಣಿಸುತ್ತದೆ. ಟೀಪಾಯಿಯ ಮೇಲೆ ಕೈಯೂರಿ ಏಳುವ ಪ್ರತಿಯೊಬ್ಬ ಅತಿಥಿಯೂ ಆ ಹವಣಿಕೆಗೆ ಬೆಂಬಲ ಕೊಡುವವನೇ. ನೇರವಾದ ನಾಲಗೆಯನ್ನು ನೇರವಾದ ಗುಳಿಯಲ್ಲಿ ಕೂರಿಸಿದರೆ, ಎಷ್ಟು ಅಂಟು ಸುರಿದರೂ, ಎಳೆದ ದಿಕ್ಕಿಗೇ ಅದು ಜಾರಿ ಬರುವುದು ಕೇವಲ ಕಾಲದ ಪ್ರಶ್ನೆ. ಆದುದರಿಂದ ನಾಲಗೆಯ ಬುಡವನ್ನು ಕಿರಿದಾಗಿಯೂ ತುದಿಯನ್ನು ಅಗಲವಾಗಿಯೂ ಕೊಯ್ದು, ಕಂಬದಲ್ಲಿಯೂ ಬಾಯಿ ಕಿರಿದು ಒಡಲು ಹಿರಿದಾದ ತೋಡನ್ನು ಕೆತ್ತಿ, ಕಾಲನ್ನು ಪಕ್ಕದಿಂದ ನೂಕದೆ, ಕಂಬದ ತಳದಿಂದ ಮೇಲಕ್ಕೆ ಜಾರಿಸಿ ಕೂರಿಸುವ ಉಪಾಯವನ್ನು ಕಂಡುಕೊಂಡರು. ಜಾರಿಸಿದ ದಾರಿಯಲ್ಲಲ್ಲದೆ ಬೇರೆ ದಾರಿಯಲ್ಲಿ ಅದು ಹೊರಬರುವಂತಿಲ್ಲ. ಆ ದಾರಿಯನ್ನು ಮೇಜಿನ ಭಾರವೇ ಕಾದು ಮುಚ್ಚಿಕೊಂಡಿರುವುದು. ಭಾರ ಹೆಚ್ಚಿದಷ್ಟೂ ಕಂಬ ಕಾಲಿನ ಮೇಲೆ ಇನ್ನಷ್ಟು ಇಳಿದು ಕೂರುತ್ತದೆ. ಶತ್ರುವನ್ನೇ ಕಾವಲಿಗಿಟ್ಟಂಥ ಈ ಯುಕ್ತಿಯನ್ನು ಕಂಡು ನಾನು ತಲೆದೂಗಿದಾಗ, ಆಚಾರಿಗಳು "ಕೂಡಿಸೋದು ದೊಡ್ಡದಲ್ಲ ಸ್ವಾಮಿ, ಬಿಚ್ಚಕ್ಕೆ ಬರೋ ಹಾಗೆ ಕೂಡಿಸಬೇಕು" ಎಂದು ಅದಕ್ಕಿಂತ ದೊಡ್ಡ ಮಾತನ್ನು ಆಡಿ, ಬೀಡಿ ಹೊತ್ತಿಸಿಕೊಂಡರು.

ಆದರೂ ಒಂದು ದೌರ್ಬಲ್ಯ ಉಳಿಯಿತು. ಮೂರು ಅಂಗುಲ ದಪ್ಪದ ಕಂಬದ ಬುಡದಲ್ಲಿ ಮೂರು ಕಡೆಯಿಂದ ತೋಡುಗಳನ್ನು ಕೊರೆದಾಗ ಅವುಗಳ ನಡುವೆ ಉಳಿಯುವ ಮರ ಬಹಳ ಸ್ವಲ್ಪ. ಮರದ ಎಳೆಯೂ ಕಂಬದ ಉದ್ದಕ್ಕೇ ಓಡುವುದರಿಂದ, ಕಾಲು ಹೊರಕ್ಕೆ ಜಗ್ಗಿದಾಗ ಸಂಧಿ ಬಿಡುವ ಬದಲು ಕಂಬವೇ ಸೀಳುವುದು ಸಾಧ್ಯ. ಇದನ್ನರಿತ ಇಂಗ್ಲೆಂಡಿನ ಬಡಗಿಗಳು ಕಂಬದ ತಳಕ್ಕೂ ಮೂರು ಕಾಲುಗಳ ಅಡಿಗೂ ಕೂಡಿ ಹಾಯುವಂತೆ ಮೂರು ತೋಳಿನ ಕಬ್ಬಿಣದ ಪಟ್ಟಿಯೊಂದನ್ನು ಬಿಗಿಯುತ್ತಿದ್ದರು. ನಮ್ಮ ಟೀಪಾಯಿಯ ತಳದಲ್ಲಿ ಪಟ್ಟಿ ಇರಲಿಲ್ಲ. ಆದರೆ ಅದು ಇದ್ದ ಗುರುತು, ಮೂರು ತೋಳಿನ ಒಂದು ಮಸಕು ನೆರಳು, ತುಕ್ಕಿನ ಬಣ್ಣದಲ್ಲಿ ಮರದ ಮೇಲೆ ಉಳಿದಿದ್ದಿತು. ಯಾರು ಯಾವಾಗ ಅದನ್ನು ಕಿತ್ತರೋ, ಕಾಲು ಅಲುಗಿದುದು ಆ ದಿನದಿಂದಲೇ.

ಕಂಬದ ಸುತ್ತ ಮೂರು ಕಾಲುಗಳನ್ನು ಸಮಾನ ಅಂತರದಲ್ಲಿ ಹಂಚುವ ಬಗೆಯನ್ನು ಆಚಾರಿಗಳು ನನಗೆ ಒಂದು ಹಳೆಯ ಹಲಗೆಯ ಮೇಲೆ ಬರೆದು ತೋರಿಸಿದರು; ಅಂಶಗಳ ಲೆಕ್ಕವಾಗಲಿ ಕೋನಮಾಪಕವಾಗಲಿ ಅವರಿಗೆ ಬೇಕಾಗಲಿಲ್ಲ. ಕೈವಾರದಿಂದ ಕಂಬದ ತಳದಲ್ಲಿ ವೃತ್ತವನ್ನೆಳೆದು, ಕೈವಾರದ ಬಾಯನ್ನು ಕದಲಿಸದೆ ಅದೇ ಅಳತೆಯಿಂದ ಪರಿಧಿಯ ಮೇಲೆ ಹೆಜ್ಜೆಯಿಡುತ್ತ ಹೋದರೆ ಆರನೆಯ ಹೆಜ್ಜೆ ಹೊರಟಲ್ಲಿಗೇ ಬಂದು ನಿಲ್ಲುವುದು; ಅವುಗಳಲ್ಲಿ ಒಂದು ಬಿಟ್ಟು ಒಂದನ್ನು ಹಿಡಿದರೆ ಮೂರು ಕಾಲುಗಳ ಸ್ಥಾನ ಸಿದ್ಧ. ಆ ಸ್ಥಾನಗಳಿಂದ ಕಂಬದ ಮೈಮೇಲೆ ನೆಟ್ಟಗೆ ಗೆರೆ ಎಳೆದು, ಗೆರೆಯ ಇಕ್ಕೆಲದಲ್ಲಿ ಕಾಲಿನ ದಪ್ಪದಷ್ಟಗಲ ದುಂಡುಮೈಯನ್ನು ಉಜ್ಜುಗೊರಡಿನಿಂದ ಚಪ್ಪಟೆ ಮಾಡಬೇಕು. ಏಕೆಂದರೆ ಚಪ್ಪಟೆಯಾದ ಕಾಲಿನ ಹೆಗಲು ದುಂಡಾದ ಮೈಗೆ ಎಂದೂ ಒಗ್ಗಲಾರದು. ಕಾಲುಗಳನ್ನು ಕೊಯ್ಯುವಾಗ ತೆಳುಹಲಗೆಯ ಅಚ್ಚೊಂದನ್ನು ಮರದ ಮೇಲೆ ಹೀಗೆ ಹಾಗೆ ತಿರುಗಿಸಿ, ಮರದ ಎಳೆ ಮಂಡಿಯಿಂದ ಪಾದದವರೆಗೆ ಆದಷ್ಟು ಉದ್ದವಾಗಿ ಓಡುವಂತೆ ನೋಡಿಕೊಳ್ಳಬೇಕು. ಮರ ಉಳಿಸುವ ಲೋಭದಿಂದ ಅಚ್ಚನ್ನು ಅಡ್ಡಕ್ಕಿಟ್ಟವನ ಕಾಲು ಕಣಕಾಲಿನಲ್ಲಿ ಸವತೆಕಾಯಿಯಂತೆ ಮುರಿಯುವುದು.

ಮೊದಲು ಕೊಯ್ಯಬೇಕಾದುದು ಕಾಲಿನ ಬಾಲವನ್ನು, ಆಮೇಲೆ ಕಂಬದ ತೋಡನ್ನು. ಪ್ರತಿಯೊಂದು ಬಾಲವನ್ನೂ ಅದರ ತೋಡಿನ ಸ್ಥಾನದಲ್ಲಿಟ್ಟು ಸೂಜಿಮೊನೆಯಿಂದ ಗೆರೆ ಕೊರೆದು, ಕಾಲಿಗೂ ತೋಡಿಗೂ ಉಳಿಯ ಅಂಚಿನಿಂದ ಒಂದು, ಎರಡು, ಮೂರು ಎಂದು ಗಾಯ ಮಾಡಿ ಗುರುತಿಡುವರು. ನಮ್ಮ ಟೀಪಾಯಿಯ ಬಿಚ್ಚಿಬಂದ ಕಾಲಿನ ಹೆಗಲಿನಲ್ಲಿ ಅಂಥ ಎರಡು ಗಾಯಗಳಿದ್ದುವು. ಕಂಬದ ತೋಡಿನ ಬಾಯಲ್ಲಿಯೂ ಎರಡು. ಹೆಸರನ್ನಾಗಲಿ ಊರನ್ನಾಗಲಿ ಎಲ್ಲಿಯೂ ಬರೆಯದ ಒಬ್ಬ ಬಡಗಿಯ ಕೈಬರಹ ಅಷ್ಟೇ: ಇದು ಎರಡನೆಯ ಕಾಲು, ಎರಡನೆಯ ಮನೆಗೆ ಸೇರತಕ್ಕದ್ದು. ತೋಡಿನ ಎರಡು ಕೆನ್ನೆಗಳನ್ನು ಗರಗಸದಿಂದ ಓರೆಯಾಗಿ ಕೊಯ್ದು, ನಡುವಣ ಮರವನ್ನು ಕಿರಿದಾದ ಉಳಿಯಿಂದ ತೆಗೆದು, ಕಾಲನ್ನು ತಳದಿಂದ ನೂಕಿ ನೋಡುವರು. ಮುಕ್ಕಾಲು ಪಾಲು ದೂರ ಅದು ಕೈಬಲಕ್ಕೇ ಹೋಗಬೇಕು, ಕೊನೆಯ ಕಾಲುಪಾಲಿಗೆ ಕೊಡತಿಯ ಪೆಟ್ಟು ಬೇಕಾಗಬೇಕು. ಆರಂಭದಿಂದಲೇ ಬಿಗಿಯಾದರೆ ಕಂಬ ಸೀಳುವುದು, ಕೊನೆಯವರೆಗೂ ಸಡಿಲವಾದರೆ ಅಂಟನ್ನು ನಂಬಿ ಬಾಳಬೇಕಾಗುವುದು. ಅಂಟನ್ನು ನಂಬಿ ಬಾಳುವುದನ್ನು ಆಚಾರಿಗಳು ಸಾಲ ಮಾಡಿ ಬಾಳುವುದಕ್ಕೆ ಸಮ ಎಂದು ಎಣಿಸುತ್ತಿದ್ದರೆಂದು ಕಾಣುತ್ತದೆ.

ಕಂಬವನ್ನು ಕಡೆಯುವವರೇ ಬೇರೆ. ಹೊಯ್ಸಳರ ಗುಡಿಗಳಲ್ಲಿ ಕಲ್ಲಿನ ಕಂಬವನ್ನೇ ತಿರುಗಿಸಿ ಕಡೆದ ನಾಡು ನಮ್ಮದು. ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ಕಡೆದ ಕೈಗಳಿಗೆ ಟೀಪಾಯಿಯ ಕಂಬ ಕಷ್ಟವೇ ಅಲ್ಲ. ವಿದ್ಯುತ್ತು ಬರುವುದಕ್ಕೆ ಮುಂಚೆ ಒಬ್ಬನು ಮರಕ್ಕೆ ಸುತ್ತಿದ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಿದ್ದನು, ಇನ್ನೊಬ್ಬನು ಉಳಿ ಹಿಡಿದು ಬಳೆ, ಕುಂಭ, ಕಲಶಗಳನ್ನು ಮೂಡಿಸುತ್ತಿದ್ದನು.

ಮೈಸೂರು ಸಂಸ್ಥಾನದ ಆಡಳಿತವು ಈ ಕಸುಬನ್ನು ಮರೆತಿರಲಿಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಬಡಗಿ ಕೆಲಸವನ್ನೂ, ಬೀಟೆಯಲ್ಲಿ ದಂತದ ಚಿತ್ತಾರ ಕೂರಿಸುವ ಕೆಲಸವನ್ನೂ ಹುಡುಗರಿಗೆ ಕ್ರಮವಾಗಿ ಕಲಿಸುತ್ತಿದ್ದರು. ಆನೆಯ ತಲೆಯೇ ಮಂಡಿಯಾಗಿ ಸೊಂಡಿಲೇ ಕಾಲಾಗಿ ಇಳಿಯುವ ಬೀಟೆಯ ಟೀಪಾಯಿಗಳು ದಕ್ಷಿಣದ ಕುಶಲಕರ್ಮಿಗಳ ಕೈಯಿಂದ ದೇಶದೇಶಗಳಿಗೆ ಹೋದುವು. ಇಂಗ್ಲಿಷರು ಸಿಂಹದ ಪಂಜವನ್ನು ಕೆತ್ತುತ್ತಿದ್ದ ಎಡೆಯಲ್ಲಿ ನಮ್ಮವರು ಆನೆಯನ್ನು ನಿಲ್ಲಿಸಿದುದು ನನಗಂತೂ ಹೆಚ್ಚು ಯುಕ್ತವಾಗಿ ತೋರುತ್ತದೆ, ಏಕೆಂದರೆ ಭಾರ ಹೊರುವ ಕೆಲಸ ಸಿಂಹದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ಮುಂದಿನ ತಿದ್ದುಪಡಿಗಳೂ ದಂತವನ್ನು ಈ ಕೆಲಸದಿಂದ ದೂರ ಮಾಡಿದುವು. ಈಗ ಅದರ ಸ್ಥಾನದಲ್ಲಿ ಪ್ಲಾಸ್ಟಿಕ್ ಬಂದಿದೆ.

ಬೆಂಗಳೂರಿನ ಉತ್ತರದ ಅಂಚಿಗೆ ಮರವನ್ನು ತಂದುದು ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿನವರೆಗೆ ಹಳಿ ಬಿದ್ದಿತು. 1890ರ ದಶಕದಲ್ಲಿ ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರಗಳ ಮೂಲಕ ಹಿಂದೂಪುರಕ್ಕೆ ದಾರಿಯಾಯಿತು. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಕಿರಿಗೇಜಿನ ರೈಲು ಓಡತೊಡಗಿತು. 1898ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಮಲ್ಲೇಶ್ವರದ ಬಡಾವಣೆಗೆ ಬಂದು ಮನೆ ಕಟ್ಟಿದವರ ಹಜಾರಗಳಲ್ಲಿ ಜಮಖಾನದ ಪಕ್ಕದಲ್ಲಿ ಕುರ್ಚಿ, ಕುರ್ಚಿಯ ಪಕ್ಕದಲ್ಲಿ ಟೀಪಾಯಿ ಬಂದು ನಿಂತುವು. ಅದೇ ಮಲ್ಲೇಶ್ವರದಲ್ಲಿ 1938ರಲ್ಲಿ ಸಂಸ್ಥಾನವು ಒಂದು ಅರಣ್ಯ ಸಂಶೋಧನಾಲಯವನ್ನು ಸ್ಥಾಪಿಸಿತು. ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೂಲ ಅದು. ಮರ ಎಷ್ಟು ಒಣಗಿದಾಗ ಎಷ್ಟು ಕುಗ್ಗುವುದು, ಯಾವ ಜಾತಿ ಮೊಳೆಯನ್ನು ಹಿಡಿಯುವುದು, ಯಾವುದು ಸೀಳುವುದು ಎಂಬಂಥ, ಬಡಗಿಗಳು ಬೆರಳತುದಿಯಿಂದ ತಿಳಿಯುತ್ತಿದ್ದ ವಿಷಯಗಳಿಗೆ ಇಂಥ ಪ್ರಯೋಗಶಾಲೆಗಳಲ್ಲಿ ಅಂಕಿಗಳು ದೊರೆತುವು. 1962ರಲ್ಲಿ ಯಶವಂತಪುರದಾಚೆ ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಉದ್ಯಮದ ಸಂಶೋಧನಾ ಸಂಸ್ಥೆ ತಲೆಯೆತ್ತಿತು. ಇವೆರಡರ ನಡುವಣ ದೂರ ಕೆಲವೇ ಮೈಲಿ. ಆದರೆ ಟೀಪಾಯಿಯ ಚರಿತ್ರೆಯಲ್ಲಿ ಒಂದು ಯುಗ ಮುಗಿದು ಇನ್ನೊಂದು ಮೊದಲಾಗುವುದು ಆ ಕೆಲವು ಮೈಲಿಗಳಲ್ಲಿಯೇ.

ಪ್ಲೈವುಡ್ಡನ್ನು ನಾನು ದೂಷಿಸುವವನಲ್ಲ. ಎಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಅಂಟಿಸಿದ ಆ ಹಲಗೆ ಬೇಸಗೆಯಲ್ಲಿ ಬಿರಿಯದು, ಮಳೆಗಾಲದಲ್ಲಿ ಉಬ್ಬದು. ದುಂಡು ಮೇಜಿನ ಮೇಲ್ಗಡೆಗೆ ಅದು ಸೊಗಸಾಗಿ ಒಪ್ಪುವುದು. ಆದರೆ ಅದರ ಅಂಚಿನಲ್ಲಿ ಪಾರಿವಾಳದ ಬಾಲವನ್ನು ಕೊಯ್ದರೆ ಪದರಗಳು ಪುಟದಂತೆ ಎದ್ದುಬರುವುವು. ಕಂಬ-ಕಾಲುಗಳ ಕೂಟಕ್ಕೆ ಗಟ್ಟಿಮರವೇ ಬೇಕು, ಮತ್ತು ಗಟ್ಟಿಮರವು ದುರ್ಲಭವಾಗುತ್ತ ಬಂದಿತು. ಬೀಟೆ, ತೇಗ, ಗಂಧಗಳು ನಮ್ಮಲ್ಲಿ ಸರ್ಕಾರದ ಕಟ್ಟುನಿಟ್ಟಿಗೆ ಒಳಪಟ್ಟ ಮರಗಳು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶದಿಂದ ಕಾಡಿನ ಮರ ಕಡಿಯುವುದಕ್ಕ‍ೆ ದೇಶದಾದ್ಯಂತ ಬಿಗಿ ಬಿದ್ದಿತು. 2017ರಲ್ಲಿ ಬೀಟೆಯ ಕುಲವಿಡೀ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. ಇವೆಲ್ಲವೂ ಕಾಡಿನ ಹಿತಕ್ಕಾಗಿ ಆದುವು, ಆಗಬೇಕಾಗಿದ್ದುವು. ಬಡಗಿಯ ಕೈಗೆ ಬಂದುದು ಕಾಫಿ ತೋಟದ ನೆರಳಿಗೆಂದು ಆಸ್ಟ್ರೇಲಿಯಾದಿಂದ ತಂದು ಬೆಳೆಸಿದ ಸಿಲ್ವರ್ ಓಕ್, ಬೇಲಿಯಂಚಿನ ಹಲಸು, ಬೇವು, ಮತ್ತು ಹೊರದೇಶದಿಂದ ಬರುವ ಮೆತ್ತನೆಯ ಪೈನ್.

ಇದಕ್ಕೆಲ್ಲ ಎಷ್ಟೋ ಮೊದಲೇ, 1959ರಲ್ಲಿ, ಫೆವಿಕಾಲ್ ಬಂದಿದ್ದಿತು. ಚರ್ಮ ಎಲುಬುಗಳನ್ನು ಕುದಿಸಿ ಮಾಡಿದ ಹಳೆಯ ಅಂಟನ್ನು ಒಲೆಯ ಮೇಲೆ ಬಿಸಿನೀರಿನಲ್ಲಿಟ್ಟು ಕರಗಿಸುತ್ತ, ಅದರ ದುರ್ಗಂಧವನ್ನು ಸಹಿಸುತ್ತ, ಆರುವುದರೊಳಗೆ ಕೂಡಿಸಬೇಕೆಂಬ ಆತುರದಲ್ಲಿ ಬೆವರುತ್ತಿದ್ದ ಕೆಲಸಗಾರನಿಗೆ ಈ ಬಿಳಿಯ ಅಂಟು ವರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅಂಟು ಬಲವಾದಷ್ಟೂ ಸಂಧಿ ಸರಳವಾಯಿತು. ಬಾಲವನ್ನು ಓರೆಯಾಗಿ ಕೊಯ್ಯುವ ಬದಲು ಬೈರಿಗೆಯಿಂದ ಎರಡು ತೂತು ಕೊರೆದು, ಎರಡು ಬೆರಳುಗೂಟಗಳನ್ನು ಅಂಟಿನೊಡನೆ ಬಡಿದರೆ ಕಾಲು ಕೂತಿತು. ಮುಂದೆ ಗೂಟವೂ ಹೋಗಿ ಬೋಲ್ಟು ಬಂದಿತು. ರವೀಂದ್ರನಾಥ ಠಾಕೂರರ ಹೆಸರು ಹೊತ್ತ ಆರ್‌.ಟಿ. ನಗರದಲ್ಲಿಯೂ, ಗೃಹಮಂಡಳಿಯು ಕಟ್ಟಿದ ಯಲಹಂಕ ಉಪನಗರದಲ್ಲಿಯೂ ಹೊಸ ಸಂಸಾರ ಹೂಡಿದವರ ಮನೆಗೆ ಟೀಪಾಯಿ ಬಂದುದು ಬಹುಮಟ್ಟಿಗೆ ಇಂಥ ರೂಪದಲ್ಲಿ. ಈಗ ಅದೇ ಬೀದಿಗಳಲ್ಲಿ ಪೀಠೋಪಕರಣದ ಕೆಲಸ ಮಾಡುತ್ತಿರುವವರಲ್ಲಿ ರಾಜಸ್ಥಾನದಿಂದ, ಬಿಹಾರದಿಂದ ಬಂದವರು ಬಹಳ. ಅವರ ಕೈಚಳಕಕ್ಕೆ ಕುಂದಿಲ್ಲ. ಉಜ್ಜುಗೊರಡು ಅವರ ಬಾಯಲ್ಲಿ ರಂದ. ಅವರಿಗೆ ಬಾಲ ಕೊಯ್ಯಲು ಬಾರದೆಂದಲ್ಲ, ಕೊಯ್ದುದಕ್ಕೆ ಕೂಲಿ ಕೊಡುವವರಿಲ್ಲ.

ನಮ್ಮ ಟೀಪಾಯಿಯ ಕಥೆಯನ್ನು ಮುಗಿಸಬೇಕು. ಆಚಾರಿಗಳು ನಾಲ್ಕು ಮೊಳೆಗಳನ್ನೂ ಇಕ್ಕಳದಿಂದ ಎಳೆದು ತೆಗೆದು, ಎಣಿಸಿ, ಮಾತಿಲ್ಲದೆ ನನ್ನ ಅಂಗೈಗೆ ಹಾಕಿದರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಸಂಧಿಯ ಸುತ್ತ ಸುತ್ತಿ, ಅರ್ಧ ಗಂಟೆ ಬಿಟ್ಟು, ಉಳಿದೆರಡು ಕಾಲುಗಳನ್ನು ಕೊಡತಿಯಿಂದ ಮೆಲ್ಲಗೆ ತಟ್ಟಿದಾಗ, ನೂರು ವರ್ಷದ ಹಿಂದಿನ ಅಂಟು ಬೆಲ್ಲದ ಪಾಕದಂತೆ ಕರಗಿ ಕಾಲುಗಳು ತಾವು ಬಂದ ದಾರಿಯಲ್ಲಿಯೇ ಜಾರಿ ಕೈಗೆ ಬಂದುವು. ಬಿಚ್ಚಲು ಬರುವಂತೆ ಕೂಡಿಸಬೇಕೆಂಬ ಅವರ ಮಾತು ನನಗೆ ಅರ್ಥವಾದುದು ಆಗ. ಸೀಳಿದ್ದ ಕಂಬದ ಬಿರುಕಿಗೆ ಅಂಟು ತುಂಬಿ, ಸುತ್ತಲೂ ಹುರಿಹಗ್ಗವನ್ನು ಬಿಗಿದು, ಹಗ್ಗದೊಳಗೆ ಗಿಡ್ಡ ಕೋಲೊಂದನ್ನು ಸಿಕ್ಕಿಸಿ, ಬಿರುಕು ಕೂದಲೆಳೆಯಷ್ಟಾಗುವವರೆಗೆ ತಿರುಚಿ, ಒಂದು ರಾತ್ರಿ ಹಾಗೆಯೇ ಇಟ್ಟರು. ಮೊಳೆಗಳ ತೂತಿಗೆ ಬೀಟೆಯ ಸಣ್ಣ ಬೆಣೆಗಳನ್ನು ಕೂರಿಸಿದರು. ಎರಡು ಗಾಯದ ಕಾಲು ಎರಡು ಗಾಯದ ಮನೆಗೇ ಸೇರಿತು. ಕೊನೆಗೆ, ತುಕ್ಕಿನ ನೆರಳು ಬಿದ್ದಿದ್ದ ಜಾಗಕ್ಕೆ ಸರಿಯಾಗಿ, ಎತ್ತಿನ ಗಾಡಿಯ ಚಕ್ರದ ಹಳೆಯ ಪಟ್ಟಿಯೊಂದರಿಂದ ಕೊಯ್ದ ಮೂರು ತೋಳಿನ ತಗಡನ್ನು ಬಿಗಿದು, ಕೂಲಿ 60 ರೂಪಾಯಿ ಎಂದರು. ಆ ಮೇಜು ಈಗಲೂ ನಮ್ಮ ಹಜಾರದಲ್ಲಿ ನಿಂತಿದೆ. ಆ ತಗಡಿನ ಮಾಡಿದ್ದ ಜಾಗದಲ್ಲಿ ಮೂರಂತಸ್ತಿನ ಮನೆಯಿದೆ.

ಓದುಗರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯ ಅಟ್ಟದಲ್ಲಿಯೋ ಮೆಟ್ಟಿಲಿನ ಕೆಳಗೋ ಕಾಲು ಅಲುಗುವ ಹಳೆಯ ಒಂಟಿಗಂಬದ ಟೀಪಾಯಿ ಬಿದ್ದಿದ್ದರೆ, ಗುಜರಿಯವನನ್ನು ಕರೆಯುವುದಕ್ಕೆ ಮುನ್ನ ಅದನ್ನೊಮ್ಮೆ ಮಗುಚಿ, ಕಾಲಿನ ಹೆಗಲಿನಲ್ಲಿ ಉಳಿಯ ಗಾಯಗಳೇನಾದರೂ ಇವೆಯೇ ನೋಡಿರಿ; ಇದ್ದರೆ ಬಿಸಿನೀರಿನ ಬಟ್ಟೆ ಸುತ್ತಿರಿ, ಮೊಳೆಯನ್ನು ಮಾತ್ರ ಹೊಡೆಸಬೇಡಿರಿ.